ಮನೆ ಕಟ್ಟಿ ನೋಡು, ನೀರು ತುಂಬಿ ನೋಡು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳುತ್ತಿದ್ದರು. ಅವರ ಕಾಲದಲ್ಲಿ ಮನೆ ಕಟ್ಟಲು ಹೊರಟವರು ಮೊದಲು ಬಾವಿ ತೋಡಿಸುತ್ತಿದ್ದರು. ಆ ಬಾವಿಯ ನೀರಿನಿಂದಲೇ ಗೋಡೆ ಏಳುತ್ತಿತ್ತು. ಇಂದು ಈ ಕ್ರಮ ತಲೆಕೆಳಗಾಗಿದೆ. ಮೊದಲು ಮನೆ ಏಳುತ್ತದೆ, ಮನೆ ಒಕ್ಕಲೂ ಮುಗಿಯುತ್ತದೆ. ನೀರಿನ ಚಿಂತೆ ಶುರುವಾಗುವುದು ಆಮೇಲೆ. ಆ ಚಿಂತೆ ಬಂದು ಕೂರುವುದು ಹೆಚ್ಚಾಗಿ ಮನೆಯೊಡತಿಯ ತಲೆಯ ಮೇಲೆ.

ಎಲ್ಲರಿಗೂ ಸೂರು ಬೇಕು, ಅದರಲ್ಲಿ ಎರಡು ಮಾತಿಲ್ಲ. 2022ರೊಳಗೆ ಎಲ್ಲರಿಗೂ ಮನೆ ಎಂಬ ಗುರಿಯೊಂದಿಗೆ 2015ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಆರಂಭವಾಯಿತು. 2024ರಲ್ಲಿ ಅದರ ಎರಡನೇ ಹಂತಕ್ಕೆ ಒಪ್ಪಿಗೆ ದೊರೆಯಿತು. ಐದು ವರ್ಷಗಳಲ್ಲಿ ನಗರಗಳ ಇನ್ನೂ 1 ಕೋಟಿ ಕುಟುಂಬಗಳಿಗೆ ನೆರವು ನೀಡುವುದು ಅದರ ಗುರಿ. ಇದರ ಜೊತೆಗೆ ಖಾಸಗಿಯವರು ಕಟ್ಟುವ ಫ್ಲ್ಯಾಟುಗಳಿಗೆ ಲೆಕ್ಕವಿಲ್ಲ. ಮನೆಗಳ ಸಂಖ್ಯೆಯನ್ನು ಎಣಿಸುವ ಮೊದಲು ಎರಡು ಪ್ರಶ್ನೆಗಳಿಗೆ ಉತ್ತರ ಸಿಗಬೇಕು. ಮನೆ ಯಾರಿಗೆ? ಆ ಮನೆಗೆ ನೀರು ಎಲ್ಲಿಂದ?

ಮನೆ ಯಾರಿಗೆ?

ನಗರಗಳಲ್ಲಿ ವಸತಿ ಕೊರತೆ ಎಷ್ಟಿದೆಯೆಂದು ತಿಳಿಯಲು ಕೇಂದ್ರ ಸರಕಾರವು ಅರ್ಥಶಾಸ್ತ್ರಜ್ಞ ಅಮಿತಾಭ್ ಕುಂಡು ಅವರ ಅಧ್ಯಕ್ಷತೆಯಲ್ಲಿ ತಜ್ಞರ ತಂಡವೊಂದನ್ನು ನೇಮಿಸಿತ್ತು. ಅದು 2012ರಲ್ಲಿ ನೀಡಿದ ವರದಿಯ ಪ್ರಕಾರ ಕೊರತೆ ಸುಮಾರು 1.88 ಕೋಟಿ ಮನೆಗಳದ್ದು. ಇದರಲ್ಲಿ ಶೇ. 95ಕ್ಕಿಂತ ಹೆಚ್ಚು ಪಾಲು ಬಡವರು ಮತ್ತು ಕಡಿಮೆ ಆದಾಯದವರದ್ದು. ಇನ್ನೊಂದು ಅಂಶವನ್ನು ನಮ್ಮ ಓದುಗ ಸಹೋದರಿಯರು ಸುಲಭವಾಗಿ ಅರ್ಥ ಮಾಡಿಕೊಳ್ಳಬಲ್ಲರು. ಕೊರತೆಯ ಸುಮಾರು ಶೇ. 80 ಭಾಗ ಸೂರೇ ಇಲ್ಲದವರದ್ದಲ್ಲ, ಇರುವ ಮನೆಯಲ್ಲೇ ಇಕ್ಕಟ್ಟಿನಲ್ಲಿ ಬಾಳುವವರದ್ದು. ಹೊಸದಾಗಿ ಮದುವೆಯಾದ ಮಗ-ಸೊಸೆಗೆ ಪ್ರತ್ಯೇಕ ಕೋಣೆಯಿಲ್ಲದೆ ಅಡ್ಡ ಪರದೆ ಕಟ್ಟುವ ಮನೆಗಳವು.

ಅದೇ ವೇಳೆಗೆ, 2011ರ ಜನಗಣತಿಯಲ್ಲಿ ದೇಶದ ನಗರಗಳಲ್ಲಿ ಸುಮಾರು 1.1 ಕೋಟಿ ಮನೆಗಳು ಖಾಲಿ ಬಿದ್ದಿದ್ದವು! ಅಂದರೆ ಮನೆಗಳೇನೋ ಏಳುತ್ತಿವೆ, ಅಗತ್ಯವಿರುವವರ ಕೈಗೆ ಎಟಕುತ್ತಿಲ್ಲ. ಹಣ ತೊಡಗಿಸಲೆಂದು ಕೊಂಡು ಬೀಗ ಹಾಕಿದ ಹತ್ತು ಫ್ಲ್ಯಾಟುಗಳಿಗಿಂತ, ಇಕ್ಕಟ್ಟಿನ ಮನೆಗೆ ಸೇರಿಸಿದ ಒಂದು ಕೋಣೆ ಹೆಚ್ಚು ಉಪಕಾರಿ. ಊರಿನ ಅಗತ್ಯವನ್ನು ಕೇಳದೆ ಇಟ್ಟುಕೊಂಡ ಗುರಿ ಕಾಗದದಲ್ಲಿ ಮಾತ್ರ ಈಡೇರುತ್ತದೆ.

ನೀರು ಎಲ್ಲಿಂದ?

ಎರಡನೇ ಪ್ರಶ್ನೆಗೆ ನಮ್ಮ ಬೆಂಗಳೂರಿಗಿಂತ ದೊಡ್ಡ ಪಾಠ ಬೇಕಿಲ್ಲ. 2007ರಲ್ಲಿ ಸುತ್ತಲಿನ 110 ಹಳ್ಳಿಗಳನ್ನು ನಗರಕ್ಕೆ ಸೇರಿಸಲಾಯಿತು. ಅಲ್ಲಿ ಬಡಾವಣೆಗಳೂ ಬಹುಮಹಡಿ ಕಟ್ಟಡಗಳೂ ಎದ್ದವು. ಕಾವೇರಿ ನೀರು ಮಾತ್ರ ಬರಲಿಲ್ಲ. ಜನರು ಕೊಳವೆ ಬಾವಿ ಮತ್ತು ಟ್ಯಾಂಕರುಗಳನ್ನು ನಂಬಿ ಬದುಕಿದರು. ಈ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಮನೆ ಬಂದ ಮೇಲೆ ನೀರು ಬರಲು 17 ವರ್ಷ! ಅಂದು ಹುಟ್ಟಿದ ಮಗು ಅಷ್ಟರಲ್ಲಿ ಪಿಯುಸಿ ಮೆಟ್ಟಿಲು ಹತ್ತಿತ್ತು.

ಈ ನಡುವೆ 2023ರಲ್ಲಿ ಮಳೆ ಕೈಕೊಟ್ಟಿತು. 2024ರ ಮಾರ್ಚ್ ಹೊತ್ತಿಗೆ ನಗರದ ಸುಮಾರು 13,900 ಸರಕಾರಿ ಕೊಳವೆ ಬಾವಿಗಳಲ್ಲಿ 6,900 ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂ. ದಂಡ ಎಂದು ಜಲಮಂಡಳಿ ಆದೇಶಿಸಿತು. ಟ್ಯಾಂಕರಿನವರು ಕೇಳಿದಷ್ಟು ಕೊಡಬೇಕಾದ ಸ್ಥಿತಿ ಬಂದಾಗ ಜಿಲ್ಲಾಡಳಿತವೇ ದರ ನಿಗದಿ ಮಾಡಿತು. 5 ಕಿ.ಮೀ. ಒಳಗೆ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ.

ಐದನೇ ಹಂತದಿಂದ ದಿನಕ್ಕೆ 77.5 ಕೋಟಿ ಲೀಟರ್ ನೀರು ಹೆಚ್ಚುವರಿಯಾಗಿ ಸಿಗುವಂತಾಯಿತು. ಆದರೆ ಇದು ಸುಮಾರು 100 ಕಿ.ಮೀ. ದೂರದಿಂದ ಬೆಟ್ಟದೆತ್ತರಕ್ಕೆ ಪಂಪು ಮಾಡಿ ತರುವ ನೀರು. ಕಾವೇರಿಯನ್ನು ನಂಬಿ ಮಂಡ್ಯದ ರೈತರಿದ್ದಾರೆ, ತಮಿಳುನಾಡಿನವರಿದ್ದಾರೆ. 2018ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಚ್ಚುವರಿಯಾಗಿ ಕೊಟ್ಟದ್ದು 4.75 ಟಿಎಂಸಿ. ಮನೆಗಳ ಗುರಿಯನ್ನು ಕಡತದಲ್ಲಿ ಎಷ್ಟು ಬೇಕಾದರೂ ಏರಿಸಬಹುದು. ನದಿಯ ಪಾಲು ಹಾಗೆ ಏರುವುದಿಲ್ಲ.

ಒಂದು ಸರಳ ಲೆಕ್ಕ

ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಬೇಕೆಂಬುದು ನಮ್ಮ ದೇಶದ ಮಾನದಂಡ. ಐದು ಜನರ ಮನೆಗೆ 675 ಲೀಟರ್. ಇಂತಹ 1,000 ಮನೆಗಳ ಒಂದು ಸಮುಚ್ಚಯಕ್ಕೆ ದಿನಕ್ಕೆ 6.75 ಲಕ್ಷ ಲೀಟರ್, ಅಂದರೆ ದೊಡ್ಡ ಟ್ಯಾಂಕರುಗಳಲ್ಲಿ 56 ಲೋಡು! ಅಷ್ಟು ನೀರನ್ನು ಅಕ್ಕಪಕ್ಕದ ಹಳ್ಳಿಯ ಕೊಳವೆ ಬಾವಿಗಳಿಂದ ಎಳೆದರೆ, ಆ ಹಳ್ಳಿಯ ಹೆಣ್ಣುಮಕ್ಕಳು ಕೊಡ ಹಿಡಿದು ಎಲ್ಲಿಗೆ ಹೋಗಬೇಕು?

ಇನ್ನೊಂದು ಲೆಕ್ಕವೂ ಇದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆ ಬೀಳುತ್ತದೆ. ಮೂವತ್ತು-ನಲವತ್ತರ ಒಂದು ನಿವೇಶನದ ಮೇಲೆ ಬೀಳುವ ನೀರು ವರ್ಷಕ್ಕೆ ಸುಮಾರು 1 ಲಕ್ಷ ಲೀಟರ್. ಅದಕ್ಕೆಂದೇ 2009ರಲ್ಲಿ ಇಷ್ಟು ಮತ್ತು ಇದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೆ ಮಳೆಕೊಯ್ಲು ಕಡ್ಡಾಯಗೊಳಿಸಲಾಯಿತು. ಆ 135 ಲೀಟರಿನಲ್ಲಿ 45 ಲೀಟರ್ ಶೌಚಾಲಯಕ್ಕೇ ಹೋಗುತ್ತದೆ. ಅದಕ್ಕೆ ಶುದ್ಧೀಕರಿಸಿದ ಬಳಸಿದ ನೀರೇ ಸಾಕು. ಆದರೆ ಎರಡು ಪ್ರತ್ಯೇಕ ಪೈಪುಗಳನ್ನು ಕಟ್ಟುವಾಗಲೇ ಹಾಕಬೇಕು, ಗೋಡೆ ಎದ್ದ ಮೇಲೆ ಒಡೆಯುವುದು ಕಷ್ಟ.

ಕೇಳಲು ಹಿಂಜರಿಯಬೇಡಿ

ಮನೆ ನೋಡಲು ಹೋದಾಗ ಗಂಡಸರು ಹೆಚ್ಚಾಗಿ ಬೆಲೆ, ಸಾಲ, ಕಾಗದಪತ್ರ ವಿಚಾರಿಸುತ್ತಾರೆ. ನೀರಿನ ಪ್ರಶ್ನೆಯನ್ನು ನೀವು ಕೇಳಿ. ನಲ್ಲಿ ಸಂಪರ್ಕ ಸಿಕ್ಕಿದೆಯೇ, ಬರಲಿದೆ ಎಂಬ ಮಾತು ಮಾತ್ರವೇ? ಕಳೆದ ಏಪ್ರಿಲ್‌ನಲ್ಲಿ ಎಷ್ಟು ಟ್ಯಾಂಕರು ತರಿಸಿದರು? ಸಂಪು ಎಷ್ಟು ಲೀಟರಿನದ್ದು? ತಾರಸಿಯ ಮಳೆನೀರು ಎಲ್ಲಿಗೆ ಹೋಗುತ್ತದೆ? ಮಾರುವವರಿಗಿಂತ ಅಲ್ಲೇ ವಾಸವಿರುವ ಹೆಂಗಸರನ್ನು ಕೇಳಿದರೆ ನಿಜ ಗೊತ್ತಾಗುತ್ತದೆ. ಬಾಡಿಗೆಗೆ ಹೋಗುವವರೂ ಅಡ್ವಾನ್ಸ್ ಕೊಡುವ ಮೊದಲು ಇದನ್ನು ಕೇಳಲಿ. ಕಡಿಮೆ ಬಾಡಿಗೆಯ ಮನೆ ಟ್ಯಾಂಕರ್ ಖರ್ಚು ಸೇರಿದಾಗ ದುಬಾರಿಯಾಗುವುದುಂಟು.

ಸ್ವಂತ ಮನೆಯಲ್ಲೂ ಕೈ ಹಿಡಿತವಿರಲಿ. ವುಝೂ ಮಾಡಲು ನಲ್ಲಿಯ ಬದಲು ಚೊಂಬು ಸಾಕು. ತರಕಾರಿ ತೊಳೆದ ನೀರು ಗಿಡಕ್ಕೆ ಸಾಕು.

ಆದರೆ ಚೊಂಬಿನ ಉಳಿತಾಯದಿಂದ ಸಾವಿರ ಫ್ಲ್ಯಾಟುಗಳ ದಾಹ ತೀರದು. ಅದಕ್ಕೆ ಆಡಳಿತವೇ ಕ್ರಮ ಕೈಗೊಳ್ಳಬೇಕು. ನೀರಿನ ಮೂಲ ತೋರಿಸಿದ ಮೇಲೆಯೇ ಬಡಾವಣೆಗೆ ಅನುಮತಿ ಸಿಗಬೇಕು. ಅನುಮತಿ ಸಿಕ್ಕ ಮನೆಗಳಲ್ಲಿ ಇಕ್ಕಟ್ಟಿನಲ್ಲಿರುವ ಬಡ ಕುಟುಂಬಗಳಿಗೆ ಮೊದಲ ಪಾಲಿರಬೇಕು. ವಾರ್ಡು ಸಭೆಯಲ್ಲಿ, ಗ್ರಾಮಸಭೆಯಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳುವ ಹಕ್ಕು ಮಹಿಳೆಯರಿಗಿದೆ. ಕೊಡ ಹೊತ್ತವರಿಗೇ ಅದರ ಭಾರ ಗೊತ್ತು.