ಆಸ್ಪತ್ರೆ ಖರ್ಚಿಗೆ ಸಾಲವೊಂದೇ ದಾರಿಯೆ?

ಹೊಟ್ಟೆನೋವೆಂದು ಹೊರರೋಗಿ ವಿಭಾಗಕ್ಕೆ ಬಂದಿದ್ದ ನಲವತ್ತರ ಹೆಂಗಸೊಬ್ಬರಿಗೆ ಪಿತ್ತಕೋಶದಲ್ಲಿ ಕಲ್ಲು ಇರುವುದು ಪತ್ತೆಯಾಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದು ಒಳ್ಳೆಯದು ಎಂದು ಹೇಳಿದೆ. ಜೊತೆಯಲ್ಲಿ ಬಂದಿದ್ದ ಗಂಡ, ಹೆಂಡತಿಯ ಮುಖ ನೋಡಿದರು. ಆಕೆ ತಡಮಾಡದೆ, ‘ಈಗ ಬೇಡಿ ಸಾರ್, ಗೂಡು ಮಾರಿದ ಮೇಲೆ ನೋಡೋಣ. ಸದ್ಯಕ್ಕೆ ನೋವಿಗೆ ಮಾತ್ರೆ ಕೊಡಿ’ ಎಂದರು. ಅವರದು ರೇಷ್ಮೆ ಸಾಕುವ ಮನೆ.

ನಾಲ್ಕು ತಿಂಗಳ ನಂತರ ಆಕೆ ಜ್ವರ ಹಾಗೂ ಕಾಮಾಲೆಯೊಂದಿಗೆ ಖಾಸಗಿ ಆಸ್ಪತ್ರೆಯೊಂದಕ್ಕೆ ದಾಖಲಾಗಬೇಕಾಯಿತು. ಕಲ್ಲು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡಿತ್ತು. ಜೀವ ಉಳಿಯಿತು. ಆದರೆ ಓಲೆ ಗಿರವಿಗೆ ಹೋಯಿತು, ಹಸು ಮಾರಾಟವಾಯಿತು, ಮೇಲೆ ಬಡ್ಡಿಯ ಕೈಸಾಲ ಬೆಳೆಯಿತು. ಇದಕ್ಕಿಂತ ಬೇಸರದ ಸಂಗತಿ ನನಗೆ ಆಮೇಲೆ ತಿಳಿಯಿತು. ಆ ಮನೆಯ ಟ್ರಂಕಿನಲ್ಲಿ ಬಿಪಿಎಲ್ ಪಡಿತರ ಚೀಟಿ ಇತ್ತು. ಅದರ ಬಲದಿಂದ ಅವರು ಮೊದಲೇ ಸರ್ಕಾರಿ ಆಸ್ಪತ್ರೆಗೆ ಹೋಗಿದ್ದರೆ ಆ ಶಸ್ತ್ರಚಿಕಿತ್ಸೆ ಹಣವಿಲ್ಲದೆ ಆಗುತ್ತಿತ್ತು. ಅಕ್ಕಿಗೆಂದು ಮಾತ್ರ ಆ ಚೀಟಿಯನ್ನು ಹೊರತೆಗೆಯುತ್ತಿದ್ದರು. ಅಂದು ನಾನೂ ಅದರ ಬಗ್ಗೆ ಅವರನ್ನು ಕೇಳಿರಲಿಲ್ಲ.

ದುಡಿದು ತಿನ್ನುವ ಕುಟುಂಬಕ್ಕೆ ಕಾಯಿಲೆ ಎರಡು ಕಡೆಯಿಂದ ಹೊಡೆತ ಕೊಡುತ್ತದೆ. ಖರ್ಚು ಏರುತ್ತದೆ, ದುಡಿಮೆ ನಿಲ್ಲುತ್ತದೆ. ಇದರಿಂದ ಪಾರಾಗಲು ಇರುವ ಸಾಧನವೇ ವಿಮೆ. ಆದರೆ ‘ವಿಮೆ ನಮ್ಮಂಥವರಿಗಲ್ಲ, ಸಂಬಳದಾರರಿಗೆ’ ಎಂಬ ಭಾವನೆ ಹಲವು ಮನೆಗಳಲ್ಲಿದೆ. ಇದು ಎಷ್ಟು ಸರಿ?

ಚೀಟಿಯಲ್ಲ, ವಿಮೆ

ನಮ್ಮಲ್ಲಿ ಚೀಟಿ ಹಾಕುವುದು ಎಲ್ಲರಿಗೂ ಗೊತ್ತು. ಇಪ್ಪತ್ತು ಜನ ತಿಂಗಳು ತಿಂಗಳು ಹಣ ಕಟ್ಟಿದರೆ, ಒಬ್ಬೊಬ್ಬರಿಗೂ ಒಂದು ಸರದಿ ಬರುತ್ತದೆ. ಕಟ್ಟಿದವರೆಲ್ಲರೂ ಎತ್ತಿಕೊಳ್ಳುತ್ತಾರೆ. ವಿಮೆ ಹಾಗಲ್ಲ. ಇಲ್ಲಿ ಕಟ್ಟುವವರು ಸಾವಿರ ಮಂದಿ, ಪಡೆಯುವವರು ಕಷ್ಟಕ್ಕೆ ಸಿಕ್ಕಿದ ಕೆಲವರು ಮಾತ್ರ. ‘ಮೂರು ವರ್ಷ ಕಟ್ಟಿದೆ, ಒಂದು ಪೈಸೆ ವಾಪಸ್ ಬರಲಿಲ್ಲ’ ಎಂದು ಗೊಣಗುವವರು ವಿಮೆಯನ್ನು ಚೀಟಿ ಎಂದು ತಿಳಿದಿರುತ್ತಾರೆ. ವಾಪಸ್ ಬರಲಿಲ್ಲವೆಂದರೆ ಮನೆಯವರು ಆರೋಗ್ಯವಾಗಿದ್ದರು ಎಂದೇ ಅರ್ಥ.

ಒಂದು ಲೆಕ್ಕ ನೋಡೋಣ. ಒಂದು ಊರಿನಲ್ಲಿ 1000 ಮನೆಗಳಿವೆ, ವರ್ಷಕ್ಕೆ ಹತ್ತು ಮನೆಯವರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಒಂದೊಂದಕ್ಕೆ 30,000 ರೂಪಾಯಿ ಖರ್ಚು ಎಂದು ಇಟ್ಟುಕೊಳ್ಳಿ. ಒಟ್ಟು 3 ಲಕ್ಷ ರೂಪಾಯಿ. ಎಲ್ಲ ಮನೆಗಳೂ ಹಂಚಿಕೊಂಡರೆ ಮನೆಗೆ ವರ್ಷಕ್ಕೆ 300 ರೂಪಾಯಿ ಸಾಕು. ಆದರೆ ‘ಕಾಯಿಲೆ ಬಂದಾಗ ನೋಡೋಣ’ ಎಂದು ಎಲ್ಲರೂ ಹಿಂದೆ ಉಳಿದು, ಆಗಲೇ ನರಳುತ್ತಿರುವವರೂ ಅವರ ಸುತ್ತಲಿನವರೂ ಸೇರಿ ನೂರೇ ಮನೆಗಳು ಮುಂದೆ ಬಂದರೆ? ಅದೇ 3 ಲಕ್ಷವನ್ನು ನೂರು ಮನೆಗಳು ಹೊರಬೇಕು. ಮನೆಗೆ 3,000 ರೂಪಾಯಿ ಆಗುತ್ತದೆ. ಬಡವರು ಅಲ್ಲಿಗೇ ಕೈಬಿಡುತ್ತಾರೆ.

ಬಡವರ ವಿಮೆ ಅಗ್ಗವಾಗಬೇಕಾದರೆ ಆರೋಗ್ಯವಂತರೂ ರೋಗಿಗಳೂ ಒಟ್ಟಿಗೆ, ಕಾಯಿಲೆಗೆ ಮೊದಲೇ, ದೊಡ್ಡ ಗುಂಪಾಗಿ ಸೇರಬೇಕು. ಇಲ್ಲವೇ ಅವರ ಪರವಾಗಿ ಸರ್ಕಾರ ಕಂತು ಕಟ್ಟಬೇಕು. ಈ ಎರಡೂ ದಾರಿಗಳನ್ನು ನಮ್ಮ ರಾಜ್ಯ ಕಂಡಿದೆ.

ತಿಂಗಳಿಗೆ ಐದು ರೂಪಾಯಿ

ಮೊದಲ ದಾರಿಗೆ ಹೆಸರಾದದ್ದು ‘ಯಶಸ್ವಿನಿ’. ಹೃದಯತಜ್ಞ ಡಾ. ದೇವಿಪ್ರಸಾದ್ ಶೆಟ್ಟಿ ಅವರ ಕಲ್ಪನೆಯಲ್ಲಿ ಮೂಡಿದ ಈ ಯೋಜನೆ ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದಾಗ ರೂಪುಗೊಂಡು, 2003ರ ಜೂನ್‌ನಲ್ಲಿ ಜಾರಿಗೆ ಬಂತು. ಆರಂಭದಲ್ಲಿ ತಲೆಗೆ ವರ್ಷಕ್ಕೆ 60 ರೂಪಾಯಿ, ಅಂದರೆ ತಿಂಗಳಿಗೆ ಐದು ರೂಪಾಯಿ ಕಂತು. ಮೊದಲ ವರ್ಷವೇ ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಸೇರಿದರು. ಸರ್ಕಾರವೂ ಕೈಜೋಡಿಸಿತು.

ಇಷ್ಟು ಕಡಿಮೆ ದುಡ್ಡಿಗೆ ಅದು ಹೇಗೆ ಸಾಧ್ಯವಾಯಿತು? ಮೊದಲನೆಯ ಕಾರಣ, ರೈತರು ಒಬ್ಬೊಬ್ಬರಾಗಿ ಅಲ್ಲದೆ ಸಹಕಾರ ಸಂಘಗಳ ಮೂಲಕ ಸೇರಿದ್ದು. ಹಾಲಿನ ಡೇರಿ ಮತ್ತು ವ್ಯವಸಾಯ ಸೇವಾ ಸಹಕಾರ ಸಂಘ ಹಳ್ಳಿಹಳ್ಳಿಗಳಲ್ಲಿ ಇದ್ದವು. ಕಂತು ವಸೂಲಿಗೆ ಬೇರೆ ಕಚೇರಿ, ಏಜೆಂಟರು ಬೇಕಾಗಲಿಲ್ಲ. ಎರಡನೆಯದು, ಯೋಜನೆಯ ಒತ್ತು ಇದ್ದದ್ದು ಶಸ್ತ್ರಚಿಕಿತ್ಸೆಗೆ. ಅದು ಅಪರೂಪಕ್ಕೆ ಬರುವ, ಆದರೆ ಮನೆಯನ್ನೇ ಮುಳುಗಿಸುವ ಖರ್ಚು. ವಿಮೆಗೆ ಹೇಳಿಮಾಡಿಸಿದಂಥದ್ದು. ಮೂರನೆಯದು, ಆಸ್ಪತ್ರೆಗಳೊಂದಿಗೆ ಪ್ರತಿ ಶಸ್ತ್ರಚಿಕಿತ್ಸೆಗೂ ಮುಂಚಿತವಾಗಿಯೇ ದರ ನಿಗದಿಪಡಿಸಿದ್ದು. ರೋಗಿ ಹಣ ಕಟ್ಟಿ ಆಮೇಲೆ ಬಿಲ್ಲು ಹಿಡಿದು ಅಲೆಯುವ ಗೋಜಿರಲಿಲ್ಲ.

ಕಾಲಕ್ರಮದಲ್ಲಿ ಕಂತು ಏರಿತು. 2018ರಲ್ಲಿ ಯೋಜನೆಯನ್ನು ‘ಆರೋಗ್ಯ ಕರ್ನಾಟಕ’ದಲ್ಲಿ ವಿಲೀನಗೊಳಿಸಲಾಯಿತು. ಸಹಕಾರಿಗಳ ಬೇಡಿಕೆಯ ಮೇರೆಗೆ ಮತ್ತೆ ಪ್ರತ್ಯೇಕವಾಗಿ ಆರಂಭಗೊಂಡು, 2023ರ ಜನವರಿಯಿಂದ ಚಿಕಿತ್ಸೆ ಲಭ್ಯವಾಯಿತು. ಪುನರಾರಂಭದ ವೇಳೆ ನಾಲ್ವರ ಗ್ರಾಮೀಣ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ನಿಗದಿಯಾಗಿತ್ತು. ಇದರ ನೋಂದಣಿ ವರ್ಷವಿಡೀ ತೆರೆದಿರುವುದಿಲ್ಲ. ಆದ್ದರಿಂದ ಸಂಘದ ಕಾರ್ಯದರ್ಶಿಯನ್ನು ಕೇಳಿ ದಿನಾಂಕ ತಿಳಿದುಕೊಂಡಿರಬೇಕು.

ಕಂತೇ ಇಲ್ಲದ ರಕ್ಷಣೆ

ಎರಡನೆಯ ದಾರಿ, ಸರ್ಕಾರವೇ ಖರ್ಚು ಭರಿಸುವುದು. 2008ರಲ್ಲಿ ಕೇಂದ್ರ ಆರಂಭಿಸಿದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಐದು ಜನರ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿ ಮಿತಿ ಇತ್ತು. 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಈ ಮಿತಿಯನ್ನು 5 ಲಕ್ಷಕ್ಕೆ ಏರಿಸಿತು. ಅದೇ ವರ್ಷ ರಾಜ್ಯದ ಆರೋಗ್ಯ ಕರ್ನಾಟಕವೂ ಇದರೊಡನೆ ಸೇರಿತು.

ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಈ ಮೊತ್ತ ಇಡೀ ಕುಟುಂಬಕ್ಕೆ ಸೇರಿದ್ದು. ಎಪಿಎಲ್ ಕುಟುಂಬಗಳಿಗೆ ಯೋಜನೆಯ ನಿಗದಿತ ದರದಲ್ಲಿ ಶೇ 30ರಷ್ಟನ್ನು, ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಮಿತಿಯೊಳಗೆ, ಸರ್ಕಾರ ಕೊಡುತ್ತದೆ. ಖಾಸಗಿ ವಿಮೆಯಲ್ಲಿ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಇಲ್ಲಿ ಆ ಕಾಯುವಿಕೆ ಇಲ್ಲ.

ಹಾಗಾದರೆ ತೊಂದರೆ ಎಲ್ಲಿ? ಇಲ್ಲೊಂದು ಮೆಟ್ಟಿಲಿನ ಕ್ರಮವಿದೆ, ಅದು ಅನೇಕರಿಗೆ ತಿಳಿದಿಲ್ಲ. ಸಾಮಾನ್ಯ ಕಾಯಿಲೆಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಚಿಕಿತ್ಸೆ. ಅಲ್ಲಿ ಸೌಲಭ್ಯ ಇಲ್ಲದಿದ್ದರೆ ಅಲ್ಲಿನ ವೈದ್ಯರು ಶಿಫಾರಸು ಪತ್ರ ಕೊಡುತ್ತಾರೆ. ಆ ಪತ್ರದೊಂದಿಗೆ ಯೋಜನೆಯಲ್ಲಿ ನೋಂದಾಯಿತವಾದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಹೃದಯಾಘಾತ, ಅಪಘಾತದಂಥ ತುರ್ತು ಸಂದರ್ಭಗಳಲ್ಲಿ ಪತ್ರವಿಲ್ಲದೆ ನೇರವಾಗಿ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಮೊದಲೇ ಖಾಸಗಿ ಆಸ್ಪತ್ರೆಗೆ ಸೇರಿ, ಬಿಲ್ಲು ಬೆಳೆದ ಮೇಲೆ ‘ನಮ್ಮ ಹತ್ತಿರ ಕಾರ್ಡಿದೆ’ ಎಂದರೆ ಪ್ರಯೋಜನವಾಗುವುದು ಕಷ್ಟ. ಕಾರ್ಡು ತೋರಿಸಬೇಕಾದದ್ದು ದಾಖಲಾಗುವಾಗ.

ವಿಮೆ ಮುಟ್ಟದ ಖರ್ಚು

ಈ ಯೋಜನೆಗಳನ್ನು ಹೊಗಳುವಾಗ ಅವುಗಳ ಕೊರತೆಯನ್ನೂ ಹೇಳಬೇಕು. ಇವು ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದವರಿಗಾಗಿ ಇರುವಂಥವು. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಆಸ್ತಮಾ ಇರುವವರು ತಿಂಗಳು ತಿಂಗಳು ಕೊಳ್ಳುವ ಮಾತ್ರೆಯ ಖರ್ಚು ಇದರಲ್ಲಿ ಬರುವುದಿಲ್ಲ. ಹಣವಿಲ್ಲವೆಂದು ರಕ್ತದೊತ್ತಡದ ಮಾತ್ರೆ ನಿಲ್ಲಿಸಿದ ಮನುಷ್ಯ, ಮುಂದೆ ಪಾರ್ಶ್ವವಾಯುವಿನಿಂದ ಬಿದ್ದಾಗ ವಿಮೆಯಿಂದ ಚಿಕಿತ್ಸೆ ಸಿಗಬಹುದು. ಆದರೆ ಹೋದ ಕೈಕಾಲಿನ ಬಲವನ್ನು ಯಾವ ವಿಮೆಯೂ ತಂದುಕೊಡಲಾರದು. ಈ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಜನೌಷಧಿ ಮಳಿಗೆಗಳಲ್ಲಿ ಅಗ್ಗದ ದರದಲ್ಲಿ ಸಿಗುತ್ತವೆ. ಬಡ ಕುಟುಂಬದ ಮೊದಲ ವಿಮೆ ಈ ಮಾತ್ರೆಯನ್ನು ತಪ್ಪದೆ ನುಂಗುವುದೇ.

ಇನ್ನೊಂದು ಕೊರತೆ ಕೂಲಿಯದು. ಹತ್ತು ದಿನ ಮಲಗಿದರೆ ರೋಗಿಯ ಕೂಲಿಯೂ ಹೋಗುತ್ತದೆ, ನೋಡಿಕೊಳ್ಳುವವರ ಕೂಲಿಯೂ ಹೋಗುತ್ತದೆ. ‘ಚಿಕಿತ್ಸೆ ಪುಕ್ಕಟೆ ಸಾರ್, ಆದರೆ ಮನೇಲಿ ಒಲೆ ಹತ್ತಬೇಕಲ್ಲ’ ಎಂದು ಕಟ್ಟಡದ ಕೂಲಿಕಾರರೊಬ್ಬರು ನನ್ನನ್ನು ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಈ ಕಷ್ಟವನ್ನು ಮನಗಂಡ ಪ್ರಯೋಗವೊಂದು ನಮ್ಮಲ್ಲೇ ನಡೆದಿತ್ತು. 2002ರಲ್ಲಿ ಕರುಣಾ ಟ್ರಸ್ಟ್ ಮೈಸೂರು ಜಿಲ್ಲೆಯ ತಿ. ನರಸೀಪುರ ತಾಲ್ಲೂಕಿನಲ್ಲಿ ಆರಂಭಿಸಿದ ಸಮುದಾಯ ವಿಮೆಯಲ್ಲಿ, ಸರ್ಕಾರಿ ಆಸ್ಪತ್ರೆಗೆ ದಾಖಲಾದ ಬಡ ರೋಗಿಗೆ ದಿನಕ್ಕೆ 50 ರೂಪಾಯಿಯಂತೆ ಕೂಲಿ ನಷ್ಟವನ್ನು ಕೊಡಲಾಗುತ್ತಿತ್ತು. ಆಸ್ಪತ್ರೆ ಉಚಿತವಾಗಿದ್ದರೂ ಕೂಲಿ ಹೋಗುತ್ತದೆಂಬ ಭಯದಿಂದ ಜನ ಹಿಂದೆ ಸರಿಯುತ್ತಾರೆ ಎಂಬುದನ್ನು ಅದು ಗುರುತಿಸಿತ್ತು.

ಇಂದಿಗೂ ಔಷಧಿ, ಆಸ್ಪತ್ರೆ, ಸಂಬಳ ಮೂರನ್ನೂ ನೋಡಿಕೊಳ್ಳುವ ವ್ಯವಸ್ಥೆಯೆಂದರೆ ಇಎಸ್‌ಐ. 1948ರ ಕಾಯ್ದೆಯಿಂದ ಹುಟ್ಟಿದ ಇದು ಬಡ ಕಾರ್ಮಿಕರ ಹಳೆಯ ನಂಟ. ತಿಂಗಳ ಸಂಬಳ 21,000 ರೂಪಾಯಿ ಮೀರದ ಕಾರ್ಮಿಕರು ಇದರಡಿ ಬರುತ್ತಾರೆ ಎಂದು 2017ರಲ್ಲಿ ಮಿತಿ ನಿಗದಿಯಾಯಿತು. 2019ರಿಂದ ಕಾರ್ಮಿಕರ ವಂತಿಗೆ ಸಂಬಳದ ಶೇ 0.75, ಮಾಲೀಕರದು ಶೇ 3.25. ಸಾಕಷ್ಟು ದಿನ ವಂತಿಗೆ ಕಟ್ಟಿದವರಿಗೆ ಕಾಯಿಲೆಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ 70ರಷ್ಟು ಭತ್ಯೆ ಸಿಗುತ್ತದೆ. ನಿಮ್ಮ ಮನೆಯ ಮಗಳು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರೆ, ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇದೆಯೇ ಎಂದು ನೋಡಿ. ಇದ್ದರೆ ಆಕೆಯ ಜೊತೆಗೆ ಆಕೆಯನ್ನು ಅವಲಂಬಿಸಿರುವ ತಂದೆತಾಯಿಗಳಿಗೂ ಚಿಕಿತ್ಸೆಯ ಹಕ್ಕು ಇರುತ್ತದೆ. ಅವರ ಹೆಸರನ್ನು ಸೇರಿಸಿರಬೇಕು, ಅಷ್ಟೆ.

ಪಾಸ್‌ಬುಕ್ಕಿನಲ್ಲಿ ಅಡಗಿರುವ ವಿಮೆ

ಚಿಕಿತ್ಸೆಯ ವಿಮೆ ಬೇರೆ, ದುಡಿಯುವವರೇ ಹೋದಾಗ ಮನೆಗೆ ಆಸರೆಯಾಗುವ ವಿಮೆ ಬೇರೆ. 2015ರಲ್ಲಿ ಬ್ಯಾಂಕು ಹಾಗೂ ಅಂಚೆ ಕಚೇರಿಗಳ ಮೂಲಕ ಇಂಥ ಎರಡು ಯೋಜನೆಗಳು ಬಂದವು. 2022ರ ಜೂನ್‌ನಿಂದ ಅವುಗಳ ವಾರ್ಷಿಕ ಕಂತು ಹೀಗಿದೆ: ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ 20 ರೂಪಾಯಿ, ಜೀವನ ಜ್ಯೋತಿ ಬಿಮಾ ಯೋಜನೆಗೆ 436 ರೂಪಾಯಿ. ಮೊದಲನೆಯದು ಅಪಘಾತಕ್ಕೆ, 18ರಿಂದ 70 ವರ್ಷದವರಿಗೆ. ಎರಡನೆಯದು ಯಾವುದೇ ಕಾರಣದ ಸಾವಿಗೆ, ಸೇರಲು ವಯಸ್ಸು 18ರಿಂದ 50. ಎರಡರಲ್ಲೂ ಸಾವು ಸಂಭವಿಸಿದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ. ಹೊಸದಾಗಿ ಸೇರಿದ ಮೊದಲ 30 ದಿನಗಳಲ್ಲಿ ಅಪಘಾತವಲ್ಲದ ಸಾವಿಗೆ ಜೀವನ ಜ್ಯೋತಿಯ ಹಣ ಸಿಗುವುದಿಲ್ಲ.

ಕಂತು ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಅದರಲ್ಲೇ ಅನುಕೂಲವೂ ಇದೆ, ಅಪಾಯವೂ ಇದೆ. ಖಾತೆಯಲ್ಲಿ ಹಣವಿಲ್ಲದಿದ್ದರೆ ವಿಮೆ ನಿಂತುಹೋಗುತ್ತದೆ. ಇನ್ನೊಂದೆಡೆ, ವಿಮೆ ಇದ್ದರೂ ಮನೆಯವರಿಗೆ ತಿಳಿಯದೆ ಹಣ ಕೇಳುವವರೇ ಇರುವುದಿಲ್ಲ. ನಿಮಗೆ ಗೊತ್ತಿರುವ ಮನೆಯಲ್ಲಿ ಸಾವಾಗಿದ್ದರೆ, ಸೂತಕ ಕಳೆದ ಮೇಲೆ ಹೋಗಿ ಪಾಸ್‌ಬುಕ್ಕನ್ನೊಮ್ಮೆ ನೋಡಿ. 20 ಅಥವಾ 436 ರೂಪಾಯಿ ಕಡಿತದ ಸಾಲು ಕಂಡರೆ ತಡಮಾಡದೆ ಬ್ಯಾಂಕಿಗೆ ಕರೆದುಕೊಂಡು ಹೋಗಿ. ಇದಕ್ಕಿಂತ ದೊಡ್ಡ ಸಾಂತ್ವನವಿಲ್ಲ.

ಈ ವಾರವೇ ಮಾಡಬಹುದಾದ ಕೆಲಸಗಳು

* ಪಡಿತರ ಚೀಟಿಯಲ್ಲಿ ಮನೆಯವರೆಲ್ಲರ ಹೆಸರು ಇದೆಯೇ, ಆಧಾರ್‌ನಲ್ಲಿರುವ ಹೆಸರಿಗೆ ಹೊಂದುತ್ತದೆಯೇ ನೋಡಿ. ಹೊಸ ಸೊಸೆ ಮತ್ತು ಮಕ್ಕಳ ಹೆಸರು ಬಿಟ್ಟುಹೋಗಿರುವುದು ಸಾಮಾನ್ಯ.

* ಆಯುಷ್ಮಾನ್ ಕಾರ್ಡನ್ನು ಆರೋಗ್ಯವಾಗಿರುವಾಗಲೇ ಮಾಡಿಸಿಕೊಳ್ಳಿ. ರೋಗಿಯನ್ನು ಮಲಗಿಸಿ ಕಾರ್ಡಿಗಾಗಿ ಓಡಾಡುವ ಸ್ಥಿತಿ ಬರಬಾರದು.

* ನಿಮ್ಮ ಊರಿಗೆ ಹತ್ತಿರದ ನೋಂದಾಯಿತ ಆಸ್ಪತ್ರೆಗಳು ಯಾವುವು, ಯಾವ ಕಾಯಿಲೆಗೆ ಎಂದು ತಿಳಿದು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. 104 ಆರೋಗ್ಯ ಸಹಾಯವಾಣಿಯಲ್ಲಿ ಅಥವಾ ಆಯುಷ್ಮಾನ್ ಸಹಾಯವಾಣಿ 14555ರಲ್ಲಿ ವಿಚಾರಿಸಬಹುದು.

* ಆಸ್ಪತ್ರೆಯಲ್ಲಿ ಮೊದಲು ‘ಆರೋಗ್ಯ ಮಿತ್ರ’ ಎಲ್ಲಿದ್ದಾರೆಂದು ಕೇಳಿ. ಯೋಜನೆಯ ಚಿಕಿತ್ಸೆಗೆ ಹೆಚ್ಚುವರಿ ಹಣ ಕೇಳಿದರೆ ಯಾವುದಕ್ಕೆ ಎಂದು ವಿಚಾರಿಸಿ, ರಸೀದಿ ಪಡೆದು ದೂರು ನೀಡಿ. ಕೇಳುವುದು ನಿಮ್ಮ ಹಕ್ಕು, ಅದರಲ್ಲಿ ಸಂಕೋಚ ಬೇಡ.

* ಕಟ್ಟಡ ಕೆಲಸದವರು ಕಾರ್ಮಿಕ ಕಲ್ಯಾಣ ಮಂಡಳಿಯ ಗುರುತಿನ ಚೀಟಿಯನ್ನು ನವೀಕರಿಸಿಕೊಂಡಿರಲಿ.

ಪತ್ರಿಕೆ ಓದುವ ಮನೆಗಳಿಗೆ ಕೊನೆಯದಾಗಿ ಒಂದು ಮಾತು. ನಿಮ್ಮ ಮನೆಗೆ ಕೆಲಸಕ್ಕೆ ಬರುವಾಕೆ, ಬೀದಿಯಲ್ಲಿ ಸೊಪ್ಪು ಮಾರುವ ಅಜ್ಜಿ, ಆಟೋ ಓಡಿಸುವ ಪರಿಚಯದವರು ಈ ಅಂಕಣ ಓದದೇ ಇರಬಹುದು. ‘ನಿಮ್ಮ ರೇಷನ್ ಕಾರ್ಡು ತನ್ನಿ, ನೋಡೋಣ’ ಎಂದು ನೀವು ಒಮ್ಮೆ ಕೇಳಿದರೆ ಸಾಕು. ಆ ರೇಷ್ಮೆ ಸಾಕುವ ಮನೆಯವರನ್ನು ಅಂದು ಯಾರಾದರೂ ಇಷ್ಟೇ ಕೇಳಿದ್ದರೆ, ಆಕೆಯ ಓಲೆ ಕಿವಿಯಲ್ಲೇ ಇರುತ್ತಿತ್ತು. ಈಗ ನಮ್ಮ ಹೊರರೋಗಿ ವಿಭಾಗದಲ್ಲಿ ನಾಡಿ ಹಿಡಿಯುವ ಮೊದಲು ನಾನು ಅದನ್ನು ಕೇಳುತ್ತೇನೆ.