ಸಮುದಾಯ ಬಾನುಲಿಯೂ ಹೆಣ್ಣಿನ ದನಿಯೂ

ಬಾಗಿಲಲ್ಲಿ ಯಾರೋ ನಿಂತು “ಮನೆಯಲ್ಲಿ ಯಾರಿದ್ದಾರೆ?” ಎಂದು ಕೂಗುತ್ತಾರೆ. ಒಳಗಿನಿಂದ ಗೃಹಿಣಿ “ಯಾರೂ ಇಲ್ಲ” ಎಂದು ಉತ್ತರ ಕೊಡುತ್ತಾಳೆ. ಬಂದವರು ಆ ಮಾತನ್ನು ಒಪ್ಪಿಕೊಂಡು ಹೊರಟುಹೋಗುತ್ತಾರೆ. ಗಂಡಸರು ಮನೆಯಲ್ಲಿಲ್ಲ ಎಂಬುದಷ್ಟೇ ಇದರ ಅರ್ಥವೆಂದು ನೀವು ಬಲ್ಲಿರಿ. ಹಾಗಾದರೆ ಉತ್ತರ ಕೊಟ್ಟವಳು ಯಾರು? ಈ ಪ್ರಶ್ನೆ ಕೇಳಿದವರಿಗೂ ಹೊಳೆಯುವುದಿಲ್ಲ, ಹೇಳಿದವಳಿಗೂ ಹೊಳೆಯುವುದಿಲ್ಲ. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ; ತಲೆತಲಾಂತರದಿಂದ ನಾಲಗೆಗೆ ಹತ್ತಿದ ರೂಢಿ ಇದು. ಇಂಥ ರೂಢಿಗಳನ್ನು ಗುರುತಿಸುವುದಕ್ಕೆ ಈಚಿನ ದಿನಗಳಲ್ಲಿ ‘ಲಿಂಗ ಸಮಾನತೆಯ ಅರಿವು’ ಎಂಬ ದೊಡ್ಡ ಹೆಸರು ಬಂದಿದೆ. ಹೆಸರು ದೊಡ್ಡದಾದರೂ ವಿಷಯ ಅಡಿಗೆಮನೆಯಷ್ಟೇ ಹತ್ತಿರದ್ದು.

ಈ ಅರಿವನ್ನು ಹಬ್ಬಿಸುವ ಕೆಲಸದಲ್ಲಿ ಸಮುದಾಯ ಬಾನುಲಿಯ ಪಾತ್ರವೇನು ಎಂಬುದನ್ನು ನೋಡೋಣ. ಸಮುದಾಯ ಬಾನುಲಿ ಎಂದರೆ ಒಂದು ಊರಿನವರು ತಮ್ಮ ಸುತ್ತಲಿನವರಿಗಾಗಿ ತಾವೇ ನಡೆಸುವ ಪುಟ್ಟ ನಿಲಯ. ಪ್ರಸಾರಯಂತ್ರದ ಶಕ್ತಿ ಸಾಮಾನ್ಯವಾಗಿ 100 ವಾಟ್ ಮಾತ್ರ; ದನಿ ಹತ್ತು ಹದಿನೈದು ಕಿಲೋಮೀಟರು ಹೋದೀತು. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಸ್ಥಳದಲ್ಲಿಯೇ ಸಿದ್ಧವಾಗಬೇಕೆಂಬುದು ನಿಯಮ. 1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ವಾಯುತರಂಗಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪಿತ್ತಿತು. 2002ರಲ್ಲಿ ವಿದ್ಯಾಸಂಸ್ಥೆಗಳಿಗೂ, 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಇಂಥ ನಿಲಯ ತೆರೆಯಲು ಅವಕಾಶ ದೊರೆಯಿತು.

ಆದರೆ ಹೆಣ್ಣುಮಕ್ಕಳು ಕಾನೂನಿಗಾಗಿ ಕಾದು ಕುಳಿತಿರಲಿಲ್ಲ. 1999ರ ಡಿಸೆಂಬರಿನಲ್ಲಿ ಗುಜರಾತಿನ ಕಚ್ಛ್ ಪ್ರದೇಶದ ಮಹಿಳಾ ಸಂಘಟನೆಯೊಂದು ಆಕಾಶವಾಣಿಯ ಭುಜ್ ನಿಲಯದಿಂದ ಕಚ್ಛೀ ಭಾಷೆಯಲ್ಲಿ ‘ಕುಂಜಲ್ ಪಾಂಜೆ ಕಚ್ಛ್ ಜಿ’ ಎಂಬ ಧಾರಾವಾಹಿಯನ್ನು ಆರಂಭಿಸಿತು. ಪಂಚಾಯಿತಿಯಲ್ಲಿ ಹೆಣ್ಣಿನ ನಾಯಕತ್ವ, ಹೆಣ್ಣುಮಕ್ಕಳ ಶಿಕ್ಷಣ ಮುಂತಾದುವು ಅದರ ವಸ್ತು. ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿಯೂ ಇದೇ ಕಾಲಕ್ಕೆ ‘ನಮ್ಮ ಧ್ವನಿ’ ಎಂಬ ಪ್ರಯೋಗ ಹುಟ್ಟಿತು. ಪರವಾನಗಿ ಸಿಗದ ಆ ದಿನಗಳಲ್ಲಿ ಊರಿನವರು ತಯಾರಿಸಿದ ಕಾರ್ಯಕ್ರಮಗಳನ್ನು ಕೇಬಲ್ ತಂತಿಯ ಮೂಲಕ ಮನೆಗಳಿಗೆ ಮುಟ್ಟಿಸಿದರು. ಸ್ವಸಹಾಯ ಸಂಘಗಳ ಹೆಂಗಸರು ಇದರಲ್ಲಿ ಕೇಳುಗರಾಗಿಯಷ್ಟೇ ಉಳಿಯದೆ ಮಾತುಗಾರರೂ ಆದರು. ಮುಂದೆ 2008ರ ಅಕ್ಟೋಬರ್ 15ರಂದು, ಈಗ ತೆಲಂಗಾಣಕ್ಕೆ ಸೇರಿದ ಜಹೀರಾಬಾದ್ ಸೀಮೆಯ ಮಾಚನೂರಿನಲ್ಲಿ ‘ಸಂಘಂ ರೇಡಿಯೋ’ ವಿಧ್ಯುಕ್ತವಾಗಿ ಪ್ರಾರಂಭವಾಯಿತು. ಅದನ್ನು ನಡೆಸಲು ಮುಂದೆ ಬಂದವರು ಬೇಸಾಯದ ಕೆಲಸ ಮಾಡುವ ದಲಿತ ಮಹಿಳೆಯರು. ಬಿತ್ತನೆ ಬೀಜದಿಂದ ಹಿಡಿದು ಹಾಡು, ಅಡಿಗೆ, ಆರೋಗ್ಯದವರೆಗೆ ತಮಗೆ ತಿಳಿದದ್ದನ್ನು ತಮ್ಮ ಊರಿನ ತೆಲುಗಿನಲ್ಲಿಯೇ ಅವರು ಹೇಳಿದರು.

ಇನ್ನು ಇಂಥ ನಿಲಯದ ಮಹಿಳಾ ಕಾರ್ಯಕ್ರಮ ಮಾತನ್ನು ಕಲಿಸುವುದು ಹೇಗೆ? ಉಪದೇಶದಿಂದ ಇದು ಆಗದು. ಒಂದೇ ಸನ್ನಿವೇಶವನ್ನು ಮೂರು ಬಗೆಯಾಗಿ ನುಡಿದು ತೋರಿಸುವುದು ಒಳ್ಳೆಯ ದಾರಿ. ಒಂದು ಉದಾಹರಣೆ ತೆಗೆದುಕೊಳ್ಳಿ. ಹೆಂಗಸೊಬ್ಬಳು ತನ್ನ ಉಳಿತಾಯ ಖಾತೆಯಿಂದ ಹಣ ತೆಗೆಯಲು ಹೋಗಿದ್ದಾಳೆ. ಕಿಟಕಿಯಾಚೆಯ ಗುಮಾಸ್ತರು “ಯಜಮಾನರನ್ನು ಕರೆದುಕೊಂಡು ಬಾಮ್ಮ” ಎನ್ನುತ್ತಾರೆ.

ಮೊದಲನೆಯ ಬಗೆ, “ಆಗಲಿ ಸ್ವಾಮಿ” ಎಂದು ತಲೆ ತಗ್ಗಿಸಿ ಹಿಂದಿರುಗುವುದು. ಎರಡನೆಯದು, ಕೂಗಾಡಿ ರಂಪ ಮಾಡುವುದು. ಮೊದಲನೆಯದರಿಂದ ಹಣ ಬಾರದು. ಎರಡನೆಯದರಿಂದ ಹಣದ ಮಾತು ಮರೆತು ಜಗಳವೇ ಮುಂದಾದೀತು. ಮೂರನೆಯದು ಹೀಗೆ: “ಸ್ವಾಮಿ, ಖಾತೆ ನನ್ನ ಹೆಸರಿನಲ್ಲಿದೆ, ಸಹಿಯೂ ನನ್ನದೇ. ಈ ದಿನ ನನಗೆ ಹಣ ಬೇಕು. ಯಜಮಾನರು ಬರಬೇಕೆಂಬ ನಿಯಮವಿದ್ದರೆ ದಯವಿಟ್ಟು ಬರೆದುಕೊಡಿ.” ಇದರಲ್ಲಿ ಬಿರುನುಡಿ ಒಂದೂ ಇಲ್ಲ, ಅಳುಕೂ ಇಲ್ಲ. ಇರುವ ಸಂಗತಿಯನ್ನು ಹೇಳಿದಳು, ತನಗೆ ಬೇಕಾದುದನ್ನು ಹೇಳಿದಳು, ಎದುರಿನವರು ಏನು ಮಾಡಬೇಕೆಂಬುದನ್ನೂ ಹೇಳಿದಳು. ಒಪ್ಪದಿದ್ದರೆ ದನಿ ಏರಿಸದೆ ಅದೇ ಮಾತನ್ನು ಮತ್ತೊಮ್ಮೆ ಹೇಳುವುದು. ದಿನಬಳಕೆಯ ದಿಟ್ಟತನವೆಂದರೆ ಇಷ್ಟೆ.

ಹೊರಗಿನವರೊಡನೆ ಹೀಗೆ ಆಡಬಹುದು, ಮನೆಯವರೊಡನೆ ಆದೀತೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮನೆಯಲ್ಲಿ ಪ್ರೀತಿಯೂ ಉಂಟು, ಹಂಗೂ ಉಂಟು. ಆದ್ದರಿಂದ ಮಾತು ಇನ್ನೂ ಮೃದುವಾಗಬೇಕು, ಆದರೆ ಮಸುಕಾಗಬಾರದು. ಪರೀಕ್ಷೆಗೆ ಓದುವ ಹುಡುಗಿ “ನನ್ನನ್ನು ಕಂಡರೆ ನಿಮಗೆ ಆಗದು” ಎಂದು ಅತ್ತರೆ ಯಾರಿಗೂ ದಾರಿ ತೋರದು. “ಅಪ್ಪಾ, ಪರೀಕ್ಷೆ ಮುಗಿಯುವ ತನಕ ಸಂಜೆಯ ಪಾತ್ರೆಗಳನ್ನು ಒಂದು ದಿನ ಅಣ್ಣ ತೊಳೆಯಲಿ, ಒಂದು ದಿನ ನಾನು ತೊಳೆಯುತ್ತೇನೆ” ಎಂದರೆ ತಂದೆ ಯೋಚಿಸಬಹುದಾದ ಸಲಹೆಯೊಂದು ಮುಂದೆ ಬಂದಂತಾಯಿತು.

ಇಂಥ ಪಾಠಕ್ಕೆ ಬಾನುಲಿ ಹೊಂದುವುದು ಹಲವು ಕಾರಣಗಳಿಂದ. ಕೇಳಲು ಅಕ್ಷರ ಬೇಕಿಲ್ಲ. ಕೈ ಅಕ್ಕಿ ಆರಿಸುತ್ತಿದ್ದರೂ ಕಿವಿ ಬಿಡುವಾಗಿರುತ್ತದೆ. ಮಾತನಾಡುವವಳ ಮುಖ ಕಾಣದು. ಸಭೆಯಲ್ಲಿ ನಾಚುವವಳೂ ಮೈಕಿನ ಮುಂದೆ ಬಾಯಿ ಬಿಟ್ಟಾಳು. ಎಲ್ಲಕ್ಕಿಂತ ಮಿಗಿಲಾಗಿ, ದನಿ ಪಕ್ಕದ ಊರಿನದು. ದೂರದ ಪಂಡಿತರ ಮಾತಿಗೆ ತಲೆದೂಗಿ ಸುಮ್ಮನಾಗುವ ಕೇಳುಗಳು, ತನ್ನಂತೆಯೇ ಬಿಂದಿಗೆ ಹೊರುವವಳ ಮಾತು ಕೇಳಿದಾಗ “ಇವಳು ಹೇಳಬಹುದಾದರೆ ನಾನೇಕೆ ಹೇಳಬಾರದು?” ಎಂದುಕೊಳ್ಳುತ್ತಾಳೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬುದು ನಮ್ಮ ಗಾದೆ. ಮಾತು ಬಲ್ಲವಳ ವಿಷಯ ಗಾದೆಯಲ್ಲಿ ಬಂದಿಲ್ಲ. ಇಂಥ ನಿಲಯಗಳಲ್ಲಿ ಬರುತ್ತಿದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. “ಧೈರ್ಯವಾಗಿ ಮಾತನಾಡಿ” ಎಂದು ಹೇಳುವವರು ನಿಲಯದಲ್ಲಿ ಕ್ಷೇಮವಾಗಿ ಕುಳಿತಿರುತ್ತಾರೆ. ಆಡಿದ ಮಾತಿನ ಫಲವನ್ನು ಆ ರಾತ್ರಿ ಉಣ್ಣುವವಳು ಕೇಳಿದವಳು. ಹೊಡೆತ ಬಡಿತವಿರುವ ಮನೆಯಲ್ಲಿ ಚೆನ್ನಾಗಿ ಮಾತನಾಡುವ ಜಾಣತನವೊಂದೇ ಕಾಪಾಡಲಾರದು. ಅಲ್ಲಿ ಬೇಕಾದುದು ನೆರವು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರಿಗೆ ರಕ್ಷಣೆ ನೀಡುವ 2005ರ ಕಾನೂನು 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. 181 ಎಂಬುದು ಮಹಿಳಾ ಸಹಾಯವಾಣಿಯ ಸಂಖ್ಯೆ. ಒಳ್ಳೆಯ ಕಾರ್ಯಕ್ರಮ ಈ ಎರಡನ್ನೂ ಮತ್ತೆ ಮತ್ತೆ ಹೇಳಬೇಕು. ಕಷ್ಟ ಹೇಳಿಕೊಂಡವಳ ಹೆಸರು, ಊರುಗಳನ್ನು ಮಾತ್ರ ಎಂದೂ ಹೇಳಬಾರದು. ಅವಳ ತಪ್ಪು ಮೌನದಲ್ಲಿದೆ ಎಂಬಂತೆಯೂ ಮಾತನಾಡಬಾರದು.

ಮೈಕು ಯಾರ ಕೈಯಲ್ಲಿದೆ ಎಂಬುದೂ ಮುಖ್ಯ. ಸಮುದಾಯ ಬಾನುಲಿಯ ಸಲಹಾ ಸಮಿತಿಯಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕೆಂದು 2024ರ ಪರಿಷ್ಕೃತ ನೀತಿ ವಿಧಿಸಿದೆ. ಹಾಡು ಹೇಳಲು ಮಾತ್ರ ಹೆಂಗಸರನ್ನು ಕರೆದು, ಏನು ಪ್ರಸಾರವಾಗಬೇಕೆಂಬುದನ್ನು ಗಂಡಸರೇ ತೀರ್ಮಾನಿಸುವ ಪದ್ಧತಿಗೆ ಇದು ತಡೆಯಾಗಬೇಕು.

ಕೊನೆಯದಾಗಿ, ರೇಡಿಯೋ ಇರುವ ಮನೆಯವರಾದ ನಿಮ್ಮಲ್ಲಿ ಒಂದು ವಿನಂತಿ. ಮಹಿಳೆಯರ ಕಾರ್ಯಕ್ರಮ ಬಂದೊಡನೆ ಗಂಡಸರು ಎದ್ದುಹೋಗುವುದು ಅನೇಕ ಮನೆಗಳ ವಾಡಿಕೆ. ಹಾಗೆ ಮಾಡದೆ ಎಲ್ಲರೂ ಕುಳಿತು ಕೇಳಿರಿ. ಹೆಂಗಸು ನೇರವಾಗಿ ಮಾತನಾಡಲು ಕಲಿತರೆ ಅರ್ಧ ಕೆಲಸವಾಯಿತು. ಅದನ್ನು ಎದುರುಮಾತೆಂದು ತಿಳಿಯದೆ ಮಾತೆಂದೇ ತಿಳಿದು ಕೇಳುವುದು ಉಳಿದ ಅರ್ಧ. ಅದನ್ನು ಕಲಿಯಬೇಕಾದವರು ಗಂಡಸರು, ಅತ್ತೆಯರು, ಅಧಿಕಾರಿಗಳು, ಎಲ್ಲರೂ.