ದೋಹಾದಲ್ಲಿ ಸಂಜೆ ಐದು

ಬೆಂಗಳೂರಿನ ಕಂಠೀರವ ಸ್ಟೇಡಿಯಂನಲ್ಲಿ ರಾತ್ರಿ ಏಳೂವರೆಗೆ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಫುಟ್‌ಬಾಲ್ ಮ್ಯಾಚ್. ದೋಹಾದಲ್ಲಿ ಆಗ ಸಂಜೆ ಐದು. ಡ್ಯೂಟಿ ಮುಗಿಸಿ ಬಸ್ ಹತ್ತಿದ ನಮ್ಮೂರವರಿಗೆ ಫಸ್ಟ್ ಹಾಫ್ ಎಲ್ಲಾ ಮೊಬೈಲಲ್ಲೇ. ಕ್ಯಾಲಿಫೋರ್ನಿಯಾದವರ ಪಾಡು ಕೇಳ್ಲೇಬೇಡಿ, ಚಳಿಗಾಲದ ಬೆಳಗಿನ ಆರು ಗಂಟೆ!

ಹಲಸೂರು ಪಕ್ಕದ ಗೌತಮಪುರಕ್ಕೆ ಈ ಫುಟ್‌ಬಾಲ್ ಹುಚ್ಚು ಹೊಸದಲ್ಲ ಬಿಡಿ. ಅಲ್ಲಿ ಪೆಲೆಗೇ ಪ್ರತಿಮೆ ಇದೆ.

ಆದ್ರೆ ಮೊಬೈಲಲ್ಲಿ ನೋಡೋ ನಮ್ಮೂರ ಟೀಮೇ ನಾವು ದುಡಿಯೋ ಊರಿಗೆ ಬಂದ್ಬಿಟ್ರೆ? 2016ರಲ್ಲಿ ಬಂತು! ಕಂಠೀರವದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನ 3-1ರಿಂದ ಬಗ್ಗುಬಡಿದು, ಏಷ್ಯಾದ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯ್ತು ಬಿಎಫ್‌ಸಿ. ನವೆಂಬರ್ 5, ಫೈನಲ್ ದೋಹಾದಲ್ಲೇ.

71ನೇ ನಿಮಿಷ. ಹಮ್ಮಾದಿ ಅಹ್ಮದ್ ಗೋಲು. ಛೆ! ಕಪ್ ಇರಾಕಿನ ಏರ್‌ಫೋರ್ಸ್ ಕ್ಲಬ್ ಪಾಲು.

ಮಾರನೇ ದಿನ ಭಾನುವಾರ. ಕತಾರಿನಲ್ಲಿ ರಜೆ ಇಲ್ಲ, ಬೆಳಿಗ್ಗೆನೇ ಡ್ಯೂಟಿ.